ಬರಿ ಸೀಸೆ

ನಮ್ಮ ಮನೆಯಲ್ಲಿ ಅದಕ್ಕೆ ಹೆಸರಿರಲಿಲ್ಲ. ಉಚ್ಚೆ ಎಂದರೆ ಅವ್ವ ಬಾಯಿಯ ಮೇಲೆ ಹೊಡೆಯುತ್ತಿದ್ದಳು. ಸ್ಕೂಲಿನಲ್ಲಿ ಕಿರುಬೆರಳೆತ್ತಿ "ಒಂದಕ್ಕೆ ಸಾರ್" ಎಂದರೆ ನಡೆಯುತ್ತಿತ್ತು. ಹಿರಿಯ ಹೆಂಗಸರು "ಕಾಲ್ಮಡಿದು ಬರ್ತೀನಿ" ಎನ್ನುತ್ತಿದ್ದರು. ಅವ್ವ ಅದನ್ನೂ ಅನ್ನುತ್ತಿರಲಿಲ್ಲ. ತಂಬಿಗೆ ಹಿಡಿದು ಹಿತ್ತಲ ಕಡೆ ನಡೆದಳೆಂದರೆ ಎಲ್ಲಿಗೆ ಎಂದು ಯಾರೂ ಕೇಳಬಾರದು, ಅಷ್ಟೇ. ಈಗ ನನ್ನ ಮೊಮ್ಮಗಳು ಊಟಕ್ಕೆ ಕೂತಲ್ಲೇ ಲ್ಯಾಬಿನ ರಿಪೋರ್ಟು ಗಟ್ಟಿಯಾಗಿ ಓದುತ್ತಾಳೆ. ನಾನು ತಟ್ಟೆ ನೋಡುತ್ತಾ ಕೂರುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅಂತಾರಲ್ಲ, ಹಾಗೆ.

ಹಾಗಂತ ನನಗೆ ಮಾತು ಬರುತ್ತಿರಲಿಲ್ಲ ಎಂದಲ್ಲ. ನ್ಯಾಮತಿಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನಕ್ಕೆ ನಾನೇ ಮುಂದು. ಆಮ್ಲಜನಕ, ಜಲಜನಕ, ಶ್ವಾಸಕೋಶ, ಮೂತ್ರಪಿಂಡ, ಎಲ್ಲ ಅರ್ಥಸಹಿತ ಬಾಯಿಪಾಠ. ಮೂತ್ರಪಿಂಡದ ಪಾಠವನ್ನು ಮೇಷ್ಟ್ರು ನಾವು ಹುಡುಗಿಯರು ಕೂತ ಕಡೆ ತಿರುಗಿಯೂ ನೋಡದೆ, ಗೋಡೆಗೆ ಓದಿ ಹೇಳಿ ಮುಗಿಸಿದ್ದರು. ಪುಸ್ತಕದಲ್ಲಿದ್ದಾಗ ಅದು ಯಾರದ್ದೋ ದೇಹ, ಯಾರದ್ದೋ ಪಿಂಡ. ನನ್ನ ಮೈಯಲ್ಲೂ ಅದು ಇದೆ ಎಂದು ನನಗೆ ಹೊಳೆದಿರಲಿಲ್ಲವೋ, ಹೊಳೆದರೂ ಒಪ್ಪಿರಲಿಲ್ಲವೋ.

ಈ ವಿದ್ಯೆಯ ಮೇಲೆಯೇ ನನ್ನ ಮದುವೆಯಾಯಿತು ಎನ್ನಬೇಕು. ಜಗಳೂರಿನಿಂದ ಹೆಣ್ಣು ನೋಡಲು ಬಂದವರು ಹಾಡು ಕೇಳಲಿಲ್ಲ. ಭಾವೀ ಅತ್ತೆ, "ಓದೀಯಂತಲ್ಲ, ಓದಿದ್ದು ಏನಾರ ಹೇಳವ್ವ" ಎಂದರು. ನಾನು ತಲೆ ತಗ್ಗಿಸಿಕೊಂಡು ಗಾಳಿಯಲ್ಲಿ ಏನೇನು ಇರುತ್ತದೆ ಎಂದು ಒಪ್ಪಿಸಿಬಿಟ್ಟೆ. ಅವರಿಗೆ ಅದೆಷ್ಟು ಹಿಡಿಸಿತೆಂದರೆ, ಮದುವೆಯಾಗಿ ಹೋದ ಮೇಲೆ ಜಗಳೂರಿನ ಕೇರಿಯಲ್ಲಿ ಯಾರು ಬಂದರೂ, "ನಮ್ಮ ಸೊಸಿ ಗಾಳಿಯಾಗೆ ಏನೈತೆ ಅಂತ ಹೇಳ್ತಾಳೆ, ಕೇಳ್ರಿ" ಎಂದು ನನ್ನನ್ನು ಕರೆದು ನಿಲ್ಲಿಸುತ್ತಿದ್ದರು. ನಮ್ಮ ಮನೆಯವರು ಒಳಗೆ ಕೂತು ನಗುತ್ತಿದ್ದರು. ಒಳ್ಳೆಯವರು, ಆದರೆ ತಾಯಿಯ ಮಾತಿಗೆ ಎದುರು ಮಾತಾಡಿದವರಲ್ಲ.

ಯುದ್ಧದ ಕಾಲ. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಚೊಚ್ಚಲ ಬಸುರಿಯಾಗಿ ನಾನು ತವರಿಗೆ, ನ್ಯಾಮತಿಗೆ ಬಂದೆ. ಅಪ್ಪ ತೀರಿಕೊಂಡಿದ್ದ. ಅವ್ವ ಒಬ್ಬಳೇ ಹಪ್ಪಳ, ಶಾವಿಗೆ ಮಾಡಿಕೊಟ್ಟು ಮನೆ ನಡೆಸುತ್ತಿದ್ದಳು. ಆರು ತಿಂಗಳು ತುಂಬುವ ಹೊತ್ತಿಗೆ ನನ್ನ ಕಾಲು ಊದಿತು. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಇರುತ್ತಿತ್ತು. ಅವ್ವ ಹೆದರಿ ಹೊನ್ನಾಳಿಗೆ ಕರೆದುಕೊಂಡು ಹೋದಳು. ಅಲ್ಲಿ ದಕ್ಷಿಣದ ಕಡೆಯ ಡಾಕ್ಟರೊಬ್ಬರು ಹೊಸದಾಗಿ ಷಾಪು ತೆರೆದಿದ್ದರು.

ಚಿಕ್ಕ ವಯಸ್ಸಿನ ಮನುಷ್ಯ, ಪುಸ್ತಕದ ಹಾಗೆ ಮಾತು. ಕಾಲು ನೋಡಿದರು, ನಾಡಿ ನೋಡಿದರು, ಆಮೇಲೆ, "ಮೂತ್ರದ ಪರೀಕ್ಷೆ ಆಗಬೇಕು. ಬೆಳಗಿನ ಮೂತ್ರವನ್ನು ಶುಭ್ರವಾದ ಸೀಸೆಯಲ್ಲಿ ತನ್ನಿ" ಎಂದರು. ನನ್ನ ಕಿವಿ ಕೆಂಪಾಯಿತು. ಅವ್ವನಿಗೆ ಪುಸ್ತಕದ ಮಾತು ತಿಳಿಯಲಿಲ್ಲ. "ಏನಂದ್ರು? ಏನು ತರಬೇಕಂತೆ?" ಎಂದು ನನ್ನ ಮೊಣಕೈ ತಿವಿದಳು. ಆಮೇಲೆ ಹೇಳ್ತೀನಿ ನಡಿ ಎಂದೆ. ಬಸ್ಸು ಹತ್ತುವವರೆಗೂ ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿ ಅವಳ ಕಿವಿಗೆ ಬಾಯಿಟ್ಟು, "ನನ್ನ ನೀರು ಬೇಕಂತೆ" ಎಂದೆ.

"ಶಿವಶಿವಾ! ಅದನ್ನ ತಗಂಡು ಅವ್ರೇನು ಮಾಡ್ತಾರೆ?"

"ಕಾಯಿಸ್ತಾರಂತೆ."

ಅವ್ವ ಹಣೆ ಹಣೆ ಚಚ್ಚಿಕೊಂಡಳು. ಬಸ್ಸಿನಲ್ಲಿದ್ದ ಹೆಂಗಸರು ನನಗೆ ಏನೋ ಆಯಿತೆಂದು ಬಗ್ಗಿ ನೋಡಿದರು.

ಇನ್ನು ಸೀಸೆ. ಆಗ ಸೀಸೆ ಎಂದರೆ ಈಗಿನ ಹಾಗೆ ತಿಪ್ಪೆಯಲ್ಲಿ ಬಿದ್ದಿರುತ್ತಿರಲಿಲ್ಲ. ಡಾಕ್ಟರ ಹತ್ತಿರ ಮಿಕ್ಸ್ಚರು ಬೇಕಾದರೂ ಮನೆಯಿಂದಲೇ ಸೀಸೆ ಒಯ್ಯಬೇಕು. ನಮ್ಮ ಮನೆಯದು ಒಡೆದುಹೋಗಿತ್ತು. ಪಕ್ಕದ ಮನೆಯ ಅಜ್ಜಿಯ ಹತ್ತಿರ ಕಂದು ಬಣ್ಣದ್ದೊಂದು ಇತ್ತು. ಮಕ್ಕಳಿಲ್ಲದ ಮುದುಕಿ, ತವರು ಚನ್ನಗಿರಿ ಕಡೆಯ ಹಳ್ಳಿ. ವರ್ಷಕ್ಕೊಮ್ಮೆ ಅಲ್ಲಿನ ಆಲೆಮನೆಯಿಂದ ಅವಳಿಗೆ ಬೆಲ್ಲ ಬರುತ್ತಿತ್ತು. ಬಂದದ್ದರಲ್ಲಿ ಅರ್ಧ ನನ್ನ ಹೊಟ್ಟೆಗೆ ಹೋಗಿಯೇ ನಾನು ಬೆಳೆದದ್ದು. ಅವ್ವ ಅವಳ ಬಾಗಿಲಿಗೆ ಹೋಗಿ ನಿಂತಳು. ಏತಕ್ಕೆ ಎಂದು ಅಜ್ಜಿ ಕೇಳಿದಳಂತೆ. ನಿಜ ಹೇಳಲು ಅವ್ವನಿಗೆ ನಾಲಿಗೆ ಏಳಲಿಲ್ಲ. "ಮಗಳಿಗೆ ಔಷಧಿ ತರಾಕೆ" ಎಂದಳು. ಅಜ್ಜಿ ಒಳಗೆ ಹೋಗಿ ಸೀಸೆ ತೊಳೆದು, ಬಿರಡೆ ಹಾಕಿ, ಸೆರಗಿನಲ್ಲಿ ಒರೆಸಿ ತಂದುಕೊಟ್ಟಳು.

ಮರುದಿನ ಬೆಳಿಗ್ಗೆ ಬಚ್ಚಲಿನ ಕತ್ತಲಲ್ಲಿ ನಾನು ಕಣ್ಣು ಮುಚ್ಚಿಕೊಂಡು ಆ ಕೆಲಸ ಮುಗಿಸಿದೆ. ಕಣ್ಣು ಯಾಕೆ ಮುಚ್ಚಿದೆ ಎಂದರೆ ಏನು ಹೇಳಲಿ, ನನ್ನಿಂದ ನಾನೇ ಮರೆಯಾಗಬೇಕೆನಿಸಿತ್ತು. ಸೀಸೆಗೆ ಬಟ್ಟೆ ಸುತ್ತಿ, ಚೀಲದ ತಳದಲ್ಲಿಟ್ಟು, ಮೇಲೆ ವೀಳ್ಯದೆಲೆ ಮುಚ್ಚಿದೆವು. ಬಸ್ಸಿನಲ್ಲಿ ಅವ್ವ ಆ ಚೀಲವನ್ನು ತೊಡೆಯ ಮೇಲಿಟ್ಟು ತಬ್ಬಿಕೊಂಡು ಕೂತದ್ದು ನೋಡಿ ಪಕ್ಕದವಳು, "ಏನವ್ವ, ತುಪ್ಪಾನಾ?" ಎಂದಳು. "ಹ್ಞೂಂ, ತುಪ್ಪ" ಎಂದಳು ಅವ್ವ. ನಗು ಬರಬೇಕಿತ್ತು. ಬರಲಿಲ್ಲ. ಹೊನ್ನಾಳಿ ಬರುವ ತನಕ ನಾನು ಕಿಟಕಿಯ ಹೊರಗೇ ನೋಡಿದೆ.

ಡಾಕ್ಟರು ಸ್ಪಿರಿಟ್ ದೀಪ ಹಚ್ಚಿ ಒಂದು ಗಾಜಿನ ಕೊಳವೆಯಲ್ಲಿ ಮೊದಲು ಹಾಗೇ ಕಾಯಿಸಿದರು. "ಆಲ್ಬುಮಿನ್ ಇಲ್ಲ. ಅಂದರೆ ಮೂತ್ರಪಿಂಡ ಸರಿಯಾಗಿದೆ. ಬಸುರಿನಲ್ಲಿ ಕಾಲು ಊದುವುದುಂಟು, ಹೆದರಬೇಡಿ" ಎಂದರು. ಆಮೇಲೆ ಇನ್ನೊಂದು ಕೊಳವೆ. ಅದರಲ್ಲಿ ನವಿಲಿನ ಕತ್ತಿನ ಬಣ್ಣದ ನೀಲಿ ದ್ರವ. ಅದಕ್ಕೆ ನನ್ನದನ್ನು ಕೆಲವು ತೊಟ್ಟು ಬಿಟ್ಟು ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಸಿರು ಹೋಗಿ ಹಳದಿ, ನೋಡನೋಡುತ್ತ ಇಟ್ಟಿಗೆಯ ಕೆಂಪು. ನಾನು ವಿಜ್ಞಾನದ ಹುಡುಗಿಯಲ್ಲವೇ, ಚೆಂದ ಕಂಡಿತು. ಡಾಕ್ಟರ ಮುಖ ನೋಡಿದ ಮೇಲೆಯೇ ಎದೆ ಝಲ್ಲೆಂದದ್ದು.

"ಮಧುಮೇಹ," ಎಂದರು. ಮೂತ್ರದಲ್ಲಿ ಸಕ್ಕರೆ ಹೋಗುತ್ತಿದೆ, ಗ್ಲೂಕೋಸು ಎಂದು ಅದರ ಹೆಸರು, ತಿಂದದ್ದು ರಕ್ತಕ್ಕೆ ಸೇರಿ ಮೈಗೆ ಹತ್ತದೆ ಹೊರಗೆ ಬರುತ್ತಿದೆ ಎಂದು ಬಿಡಿಸಿ ಹೇಳಿದರು. ಇನ್ಸುಲಿನ್ ಎಂಬ ಸೂಜಿಮದ್ದು ಇದೆ, ಬೆಂಗಳೂರಿನಿಂದ ತರಿಸಬೇಕು, ಯುದ್ಧದಲ್ಲಿ ಸಿಗುವುದು ಕಷ್ಟ. ಅಲ್ಲಿಯವರೆಗೆ ಅನ್ನ ಬಿಡಿ, ಬೆಲ್ಲ ಬಿಡಿ, ಬಾಳೆಹಣ್ಣು ಬಿಡಿ. ತಾಯಿಗೂ ಅಪಾಯ, ಮಗುವಿಗೂ ಅಪಾಯ. ಇಷ್ಟೆಲ್ಲ ಅರ್ಥ ಹೇಳಿದ ಮನುಷ್ಯ, ಸೀಸೆ ಎಲ್ಲಿಂದ ತಂದಿರಿ ಎಂದು ಒಂದು ಮಾತು ಕೇಳಲಿಲ್ಲ.

ಅವ್ವ ಆ ಹೆಸರನ್ನು ಬಾಯಲ್ಲಿ ಆಡಲಿಲ್ಲ. ನಮ್ಮ ಕಡೆ ಮೇಹ ಎಂದರೆ ಕೆಟ್ಟ ಕೇರಿಗೆ ಹೋಗುವ ಗಂಡಸರಿಗೆ ಬರುವ ರೋಗ; ಆ ಪದದ ಬಾಲ ಕೇಳಿದರೂ ಜನ ಮುಖ ತಿರುವುತ್ತಿದ್ದರು. ದಾರಿಯುದ್ದಕ್ಕೂ ಅವಳದು ಒಂದೇ ಮಾತು: "ಜಗಳೂರಿಗೆ ಗೊತ್ತಾಗಬಾರದು. ಗೊತ್ತಾದ್ರೆ ನಿನ್ನ ಮತ್ತೆ ಕರ್ಕಳಲ್ಲ. ಕೂಸು ಕಟ್ಟಿಕಂಡು ನೀನು, ನಿನ್ನ ಕಟ್ಟಿಕಂಡು ನಾನು, ಎಲ್ಲಿಗೆ ಹೋಗಾನ ಹೇಳು?" ಗಂಡ ಬಿಟ್ಟವಳು ಎಂಬ ಮಾತಿನ ಅರ್ಥ ತಿಳಿಯಲು ಯಾವ ಪುಸ್ತಕವೂ ಬೇಕಿರಲಿಲ್ಲ. ಅಂದಿನಿಂದ ಗಟ್ಟಿ ಅನ್ನ ಕಾಣಲಿಲ್ಲ. ಹಾಗಲಕಾಯಿ, ಸೊಪ್ಪು, ಅರ್ಧ ರಾಗಿ ಮುದ್ದೆ. ಹಸಿವಿಗೆ ಹೊಟ್ಟೆಯೊಳಗಿನ ಕೂಸು ಒದೆಯುವಾಗ ಅದಕ್ಕೆ ಮುಖ ತೋರಿಸಲು ನಾಚಿಕೆಯಾದ ಹಾಗೆ ಆಗುತ್ತಿತ್ತು. ಎಂಥ ಮೈ ಇದು, ಕೂಸಿಗೆ ಮನೆಯಾಗಲೂ ಬಾರದ ಮೈ ಎಂದು ಅಳುತ್ತಿದ್ದೆ.

ಏಳನೇ ತಿಂಗಳಲ್ಲಿ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಕುಬಸ ತೊಡಿಸಿ, ಬಾಯಿ ತುಂಬ ಸಿಹಿ ತಿನ್ನಿಸುವ ಶಾಸ್ತ್ರ. ಜಗಳೂರಿನಿಂದ ಅತ್ತೆ, ಜೊತೆಗೆ ಒಂದಷ್ಟು ಹೆಂಗಸರು, ಬುಟ್ಟಿ ತುಂಬ ಕರಿಗಡುಬು, ಎಳ್ಳುಂಡೆ ಹೊತ್ತು ಬಂದರು. ಪಕ್ಕದ ಅಜ್ಜಿ ಬೆಳಿಗ್ಗೆಯಿಂದಲೇ ನಮ್ಮ ಅಡಿಗೆಮನೆಯಲ್ಲಿದ್ದಳು. ನನ್ನನ್ನು ಮಣೆಯ ಮೇಲೆ ಕೂರಿಸಿ, ಹೂ ಮುಡಿಸಿ, ಆರತಿ ಎತ್ತಿದರು. ಅತ್ತೆ ಕರಿಗಡುಬನ್ನು ಮುರಿದು ನನ್ನ ಬಾಯಿಗೆ ಹಿಡಿದರು. ನಾನು ತುಟಿ ಬಿಗಿದೆ.

"ತಗಳವ್ವ, ನಾಚ್ಕೋಬ್ಯಾಡ."

ನಾನು ಬಾಯಿ ತೆಗೆಯಲಿಲ್ಲ. ಹೂರಣದ ವಾಸನೆಗೆ ಬಾಯಲ್ಲಿ ನೀರು, ಕಣ್ಣಲ್ಲೂ ನೀರು. ಅತ್ತೆಯ ಕೈ ಹಾಗೇ ಇತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕುಬಸದ ದಿನ ಗಂಡನ ಮನೆಯ ಸಿಹಿ ಬೇಡವೆನ್ನುವುದೆಂದರೆ ಆ ಮನೆಯನ್ನೇ ಬೇಡವೆಂದ ಹಾಗೆ. ಕೊನೆಗೆ ಅವ್ವ ಅತ್ತೆಯ ಕಾಲ ಹತ್ತಿರ ಕುಸಿದು ಕೂತು ಎಲ್ಲ ಹೇಳಿಬಿಟ್ಟಳು. ಡಾಕ್ಟರು ಹೇಳಿದ ಹೆಸರನ್ನು ಆಡಲಿಲ್ಲ, "ಸಿಹಿಮೂತ್ರ ಅಂತೆ" ಎಂದಳು. ಅವಳ ಬಾಯಲ್ಲಿ ಆ ಪದ ನಾನು ಕೇಳಿದ್ದು ಅದೇ ಮೊದಲು.

ಅತ್ತೆ ಕರಿಗಡುಬನ್ನು ತಟ್ಟೆಗೆ ಹಾಕಿದರು. ಅವರ ಮಾವ ಅದೇ ಕಾಯಿಲೆಯಲ್ಲಿ ಕಾಲು ಕೊಳೆತು ಸತ್ತಿದ್ದರಂತೆ. ಅವರ ಕಾಲು ತೊಳೆದವರು ಇವರೇ. ಹೆದರಿಕೆ ಬಂದಿರಬೇಕು, ಆದರೆ ಬಾಯಿಗೆ ಬಂದದ್ದು ಸಿಟ್ಟು. "ಗಾಳಿಯಾಗೆ ಏನೈತೆ ಅಂತ ಹೇಳಾಕೆ ಬರ್ತಿತ್ತು, ನಿನ್ನ ಮೈಯಾಗೆ ಏನೈತೆ ಅಂತ ಹೇಳಾಕೆ ಬರಲಿಲ್ಲೇನೆ?" ಎಂದರು. ಅವ್ವನ ಕಡೆ ತಿರುಗಿ, "ಮುಚ್ಚಿಟ್ಟು ಕೊಟ್ರಲ್ರೀ ಬೀಗತೇರೆ. ಹೆರಿಗೆ ಆದ್ಮ್ಯಾಲೆ ಕೂಸನ್ನ ಅಷ್ಟೇ ಕಳ್ಸ್ರಿ. ಇವಳು ನಿಮ್ಮನ್ಯಾಗೇ ಇರ್ಲಿ" ಎಂದರು.

ನಾನು ಹಸಿರು ಸೀರೆಯಲ್ಲಿ, ಹೂ ಮುಡಿದುಕೊಂಡು, ಮಣೆಯ ಮೇಲೇ ಕೂತಿದ್ದೆ. ಏಳಬೇಕೋ ಕೂರಬೇಕೋ ಯಾರೂ ಹೇಳಲಿಲ್ಲ.

ಅವರ ಜೊತೆ ಬಂದಿದ್ದ ಹಿರಿಯ ಹೆಂಗಸೊಬ್ಬಳು, "ಡಾಕ್ಟ್ರು ಹೇಳಿದ್ದೆಲ್ಲ ಖರೆ ಇರ್ತೈತಾ? ಇರುವಿಗೆ ತೋರ್ಸ್ರಿ. ನಿಮ್ಮ ಮಾವ ಕಾಲ್ಮಡಿದ ಜಾಗಕ್ಕೆ ಇರುವಿ ಸಾಲುಗಟ್ಟಿ ಬರ್ತಿದ್ವಲ್ಲ" ಎಂದಳು. ಅತ್ತೆ ನನ್ನ ಕಡೆ ನೋಡಿ, "ಏಳು" ಎಂದರು.

ಇದನ್ನು ಬರೆಯುವಾಗಲೂ ನನಗೆ ಬೆವರುತ್ತದೆ. ಹಿತ್ತಲಿನಲ್ಲಿ ಸೌದೆಯ ಒಟ್ಟಿಲಿನ ಪಕ್ಕ ಕಟ್ಟಿರುವೆಯ ಸಾಲು ಹರಿಯುತ್ತಿತ್ತು. ನನ್ನನ್ನು ಅಲ್ಲಿ ಕೂರಿಸಿ ಅವರು ಬೆನ್ನು ತಿರುಗಿಸಿ ನಿಂತರು. ಬೆನ್ನು ತಿರುಗಿಸಿದ್ದೇ ದೊಡ್ಡ ಉಪಕಾರ. ಆಮೇಲೆ ಎಲ್ಲರೂ ಬಂದು, ರೇಷ್ಮೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒದ್ದೆಯಾದ ನೆಲದ ಸುತ್ತ ಬಗ್ಗಿ ನೋಡಿದರು. ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಭೂಮಿ ಬಾಯಿ ಬಿಡಲಿ ಎನ್ನುತ್ತಾರಲ್ಲ, ಅದು ಬರಿ ಮಾತಲ್ಲ, ನಾನು ನಿಜವಾಗಿ ಕೇಳಿಕೊಂಡೆ. ಸ್ಕೂಲಿನ ಪರೀಕ್ಷೆಗೆ ದೇವರಿಗೆ ಕೈಮುಗಿದವಳಲ್ಲ, ಆವತ್ತು ಇರುವೆಗಳಿಗೆ ಕೈಮುಗಿದೆ. ಒಂದು ಇರುವೆ ಬಂದು ಮೂಸಿ ಹೋಯಿತಂತೆ. ಇನ್ನೊಂದು ಬಂದು ಹಿಂದಕ್ಕೆ ತಿರುಗಿತಂತೆ. ನೆಲ ಒಣಗಿತು. ಸಾಲು ತನ್ನ ಪಾಡಿಗೆ ಸೌದೆಯ ಕಡೆಗೇ ಹರಿಯಿತು.

"ಬರಲಿಲ್ಲ ನೋಡ್ರಿ," ಎಂದಳು ಆ ಹಿರಿಯ ಹೆಂಗಸು. "ಮತ್ತೆ ಡಾಕ್ಟ್ರಿಗೆ ಸಿಹಿ ಎಲ್ಲಿಂದ ಸಿಕ್ತು?"

ಅಡಿಗೆಮನೆಯ ಬಾಗಿಲಲ್ಲಿ ಪಕ್ಕದ ಅಜ್ಜಿ ನಿಂತಿದ್ದಳು. ಕೈಯಲ್ಲಿ ಒಬ್ಬಟ್ಟು ಮಗುಚುವ ಕೋಲು. "ಡಾಕ್ಟ್ರಿಗೆ ಯಾತರಾಗೆ ಒಯ್ದಿದ್ರಿ?" ಎಂದು ಕೇಳಿದಳು.

"ನೀನು ಕೊಟ್ಟಿದ್ದ ಸೀಸೆಯಾಗೆ," ಎಂದಳು ಅವ್ವ.

ಅಜ್ಜಿಯ ಮುಖ ನೋಡುವ ಹಾಗಿರಲಿಲ್ಲ. "ಅಯ್ಯೋ ನನ್ನ ಕೈಗಿಷ್ಟು! ಅದ್ರಾಗೆ ನಾನು ಬೆಲ್ಲ ಹಾಕಿದ್ದೆನಲ್ಲೇ!"

ನಮ್ಮ ಕಡೆ ಯಾರೂ ಬರಿ ಪಾತ್ರೆ ಕೊಡುವುದಿಲ್ಲ. ಪಕ್ಕದ ಮನೆಯ ಚೊಂಬು ಹಿಂದಕ್ಕೆ ಕೊಡುವಾಗ ಚಿಟಿಕೆ ಸಕ್ಕರೆ, ಬಟ್ಟಲು ಕೊಡುವಾಗ ಒಂದು ಹಿಡಿ ಅಕ್ಕಿ, ಏನೂ ಇಲ್ಲದಿದ್ದರೆ ಒಂದು ಹೂವಿನ ಎಸಳು. ಕೊಡುವ ಮನೆಯೂ ಬರಿದಾಗಬಾರದು, ಇಸಕೊಳ್ಳುವ ಮನೆಯೂ ಬರಿದಾಗಬಾರದು. ಅಜ್ಜಿ ಸೀಸೆ ತೊಳೆದು ಅದರ ತಳಕ್ಕೆ ಉಗುರಿನಷ್ಟು ಬೆಲ್ಲ ಹಾಕಿದ್ದಳು. ಕಂದು ಸೀಸೆ, ಕಂದು ಬೆಲ್ಲ. ಅವ್ವ ನೋಡಲಿಲ್ಲ. ನಾನಂತೂ ಕಣ್ಣನ್ನೇ ಮುಚ್ಚಿದ್ದೆ.

"ಔಷಧಿ ತರಾಕೆ ಅಂದ್ಯಲ್ಲೇ ಮಗಳೇ. ಔಷಧಿ ಕಹಿ ಇರ್ತೈತೆ, ತಳದಾಗೆ ಒಂಚೂರು ಸಿಹಿ ಇರ್ಲಿ ಅಂತ ಹಾಕಿದೆ. ಬಸುರಿಗೆ ಬರಿ ಸೀಸೆ ಹೆಂಗೆ ಕೊಡ್ಲಿ ನಾನು?"

ಅವ್ವ ಅವಳ ಮೇಲೆ ಬಿದ್ದಳು. ಬೀಗರ ಎದುರು, ಅಷ್ಟು ಹೆಂಗಸರ ಎದುರು, ಬಾಯಿಗೆ ಬಂದದ್ದೆಲ್ಲ ಅಂದಳು. "ನಿನ್ನ ಬೆಲ್ಲಕ್ಕೆ ಬೆಂಕಿ ಬೀಳ! ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ!" ಎಂದೂ ಅಂದುಬಿಟ್ಟಳು. ಏತಕ್ಕೆ ಸೀಸೆ ಬೇಕೆಂದು ತಾನು ಒಂದು ಪದ ಹೇಳಿದ್ದರೆ ಅಜ್ಜಿ ಬೆಲ್ಲ ಹಾಕುತ್ತಿದ್ದಳೇ? ಸೀಸೆ ಕೇಳುವಾಗ ಆ ಪದ ನನ್ನ ಅವ್ವನ ಬಾಯಿಂದ ಹೊರಡಲಿಲ್ಲ, ಈ ಮಾತು ಮಾತ್ರ ಹೊರಟಿತು. ಅಜ್ಜಿ ಕೈಯಲ್ಲಿದ್ದ ಕೋಲನ್ನು ಹುಷಾರಾಗಿ ಒಲೆಯ ಪಕ್ಕ ಇಟ್ಟು ತನ್ನ ಮನೆಗೆ ಹೋದಳು.

ಮರುದಿನ ಅತ್ತೆ ಕಣ್ಣಾರೆ ನೋಡಬೇಕೆಂದು ನಮ್ಮ ಜೊತೆ ಹೊನ್ನಾಳಿಗೆ ಬಂದರು. ಡಾಕ್ಟರು ತಮ್ಮದೇ ಗಾಜಿನ ಲೋಟ ಕೊಟ್ಟರು. ದೀಪ ಹಚ್ಚಿದರು, ಕಾಯಿಸಿದರು. ನೀಲಿ ನೀಲಿಯಾಗಿಯೇ ಉಳಿಯಿತು. ಮತ್ತೆ ಮಾಡಿದರು, ಮತ್ತೆ ನೀಲಿ. ಬೆಲ್ಲದ ಕಥೆ ಕೇಳಿ ಅವರಿಗೆ ಸಂಕೋಚವಾಗುವುದಿರಲಿ, ಉತ್ಸಾಹ ಬಂದಿತು. "ನೋಡಿ ಎಷ್ಟು ಸ್ವಾರಸ್ಯ! ಬಿಳಿ ಸಕ್ಕರೆ ಹಾಕಿದ್ದರೆ ಈ ದ್ರವ ಬಣ್ಣ ಬದಲಿಸುತ್ತಿರಲಿಲ್ಲ, ಅದು ಬೇರೆ ಜಾತಿಯ ಸಕ್ಕರೆ. ಬೆಲ್ಲದಲ್ಲಿ ಗ್ಲೂಕೋಸೂ ಒಂದಿಷ್ಟು ಬೆರೆತಿರುತ್ತದೆ" ಎಂದು ನನಗೆ ಪಾಠ ಮಾಡಿದರು. ಬೇರೆ ದಿನವಾಗಿದ್ದರೆ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅತ್ತೆ ಹೊರಗೆ ಬಂದ ಮೇಲೆ, "ಅನ್ನ ಉಣ್ಣು. ಕೂಸು ಸೊರಗೀತು" ಎಂದರು. ಬಸ್ಸು ಹತ್ತುವಾಗ, "ಬಾಣಂತನ ಮುಗೀಲಿ, ಕರ್ಕಂಡು ಹೋಗಾಕೆ ನಾನೇ ಬರ್ತೀನಿ" ಎಂದರು. ಅಷ್ಟೇ. ಇರುವೆಯ ಮಾತು ಯಾರೂ ಎತ್ತಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಗಟ್ಟಿಮುಟ್ಟಾಗಿಯೇ ಇತ್ತು. ಪಕ್ಕದ ಅಜ್ಜಿ ಒಂದು ಸಲ ಬಂದು ಹೊಸ್ತಿಲ ಹೊರಗೇ ನಿಂತು ನೋಡಿಕೊಂಡು ಹೋದಳು. ಒಳಗೆ ಬಾ ಅಜ್ಜಿ ಎಂದೆ. ಒಲೆಯ ಮೇಲೆ ಹಾಲಿಟ್ಟು ಬಂದೀನಿ ಎಂದಳು. ಅವಳ ಮನೆಯಲ್ಲಿ ಹಸುವೂ ಇರಲಿಲ್ಲ, ಹಾಲೂ ಇರಲಿಲ್ಲ. ಆ ವರ್ಷ ಚನ್ನಗಿರಿ ಕಡೆಯ ಬೆಲ್ಲ ಬಂದ ಸುದ್ದಿಯೂ ನಮಗೆ ಬರಲಿಲ್ಲ. ನನಗೆ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಕೇಳದ ಡಾಕ್ಟರು, ಇರುವೆ ತೋರಿಸಿದ ಅತ್ತೆ, ಹೆತ್ತಿದ್ರೆ ಎಂದ ಅವ್ವ, ಎಲ್ಲರೂ ತಲೆಯೆತ್ತಿಕೊಂಡೇ ಓಡಾಡಿದರು. ನಾಚಿಕೊಂಡವರು ನಾನು ಮತ್ತು ಬೆಲ್ಲ ಹಾಕಿದ ಆ ಮುದುಕಿ, ಇಬ್ಬರೇ.

ಅತ್ತೆ ಹೇಳಿದ ಹಾಗೇ ಬಂದರು. ಹೊರಡುವ ದಿನ ದಾರಿಯಲ್ಲಿ ಕೂಸಿಗೆ ಹೊಟ್ಟೆನೋವು ಬಂದರೆ ಇರಲಿ ಎಂದು ಓಂಕಾಳಿನ ನೀರು ಕಾಸಿದ್ದೆವು. ಹಾಕಿಕೊಳ್ಳಲು ಮತ್ತೆ ಸೀಸೆ ಇಲ್ಲ. ಅಜ್ಜಿಯ ಮನೆಗೆ ಹೋಗಲು ಅವ್ವ ಒಪ್ಪಲಿಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಾನೇ ಹೋದೆ. ಅತ್ತೆ, ಬಸ್ಸಿಗೆ ಹೊತ್ತಾಯಿತೆಂದು ಗೊಣಗುತ್ತಾ ನನ್ನ ಹಿಂದೆಯೇ ಬಂದು ಅಂಗಳದಲ್ಲಿ ನಿಂತರು.

"ಓಂಕಾಳಿನ ನೀರು ಹಾಕಾಕೆ, ಅಜ್ಜಿ. ಕೂಸಿಗೆ," ಎಂದು ಬಿಡಿಸಿ ಹೇಳಿದೆ.

ಅಜ್ಜಿ ಒಳಗೆ ಹೋಗಿ, ನಾವು ಹಿಂದಕ್ಕೆ ಕೊಟ್ಟಿದ್ದ ಆ ಕಂದು ಸೀಸೆಯನ್ನೇ ಬೂದಿಯಲ್ಲಿ ತಿಕ್ಕಿ ತೊಳೆದು ತಂದಳು. ಬಿರಡೆ ಇನ್ನೊಂದು ಕೈಯಲ್ಲಿತ್ತು. ನನ್ನೆದುರು ಸೀಸೆಯನ್ನು ತಲೆಕೆಳಗು ಮಾಡಿ ಕೊಡವಿದಳು. ಬೆಳಕಿಗೆ ಹಿಡಿದು ತಳ ತೋರಿಸಿದಳು. "ಏನೂ ಹಾಕಿಲ್ಲವ್ವ. ನೋಡ್ಕಂಡು ಇಸ್ಕೋ" ಎಂದಳು. ಅವಳ ಕಣ್ಣು ಕೂಸಿನ ಮೇಲಿತ್ತು, ಮುಟ್ಟಲಿಲ್ಲ. ಎಷ್ಟೊಂದು ಪದ ಕಲಿತವಳು ನಾನು, ಒಂದೂ ಬಾಯಿಗೆ ಬರಲಿಲ್ಲ.

ಹಿಂದಿನಿಂದ ಅತ್ತೆಯ ದನಿ ಬಂತು. "ಇದೇನಜ್ಜಿ! ಬಾಣಂತಿ ಕೂಸು ಎತ್ಕಂಡು ಗಂಡನ ಮನಿಗೆ ಹೊಂಟಾಳೆ, ಬರಿ ಸೀಸೆ ಕೈಗೆ ಕೊಡ್ತಾರೇನು? ಇಷ್ಟು ವಯಸ್ಸಾಗೈತೆ, ಶಾಸ್ತ್ರ ಗೊತ್ತಿಲ್ಲೇನು ನಿಂಗೆ?"

ಅಜ್ಜಿ ಗಾಬರಿಯಾಗಿ ಅತ್ತೆಯ ಮುಖ ನೋಡಿದಳು. ಸೀಸೆಯನ್ನು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು, ಅತ್ತೆಗೆ ಕೇಳಿಸಬಾರದೆಂಬ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು, "ಹಾಕಲೇನವ್ವ?"